ಹದಿನಾಲ್ಕನೇ ಬಸ್ಸಿನ ಮೊದಲ ಆಯ್ಕೆ

ಆಗಸ್ಟ್ 5, ಮಂಗಳವಾರ

ಇವತ್ತು ನನ್ನ ಜೊತೆ ಮಾತಾಡಿದವರು ಮೂರು ಜನ. ಫೋನಿನಲ್ಲಿ ಒಬ್ಬ ತಾಯಿ, ಮಗನ ಬಸ್ಸು ನಿಲ್ಲುವ ಜಾಗ ಎರಡು ಮನೆ ಆಚೆಗೆ ಹೋದದ್ದಕ್ಕೆ ಬೈದರು. ವರ್ಕ್‌ಶಾಪಿನಿಂದ ಎಲ್ಡನ್ ಬಂದು ಸ್ಟೇಪ್ಲರ್ ಕೇಳಿದರು. ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ ಚೀಲ ಬೇಕಾ ಎಂದಳು. ಬೇಡ ಎಂದೆ.

ಈ ಶಾಲಾ ಬಸ್ಸುಗಳ ಡಿಪೋ ಸೇರಿ ಹತ್ತು ತಿಂಗಳಾಯಿತು. ಗಾಜಿನ ಹಿಂದೆ ಕೂರುತ್ತೇನೆ. ಗಾಜಿನ ಕೆಳಗೆ ಅಂಗೈ ತೂರುವಷ್ಟು ಕಿಂಡಿ. ಚಾಲಕರು ಅದರಲ್ಲಿ ಹಾಳೆ ತೂರಿಸಿ ಹೋಗುತ್ತಾರೆ. ನನ್ನ ಹೆಸರು ಮಾರಿಟ್ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ಸಾಹಿತ್ಯ ಓದಿದವಳು ಎಂದು ತಿಳಿದ ದಿನದಿಂದ ಎಲ್ಲರಿಗೂ 'ಕಾಲೇಜು'.

ರೇಡಿಯೋಗೆ ಉತ್ತರಿಸುವುದೂ ನನ್ನ ಕೆಲಸವೇ. ಆದರೆ ನನ್ನ ದನಿ ಮೂವತ್ತೆಂಟು ಬಸ್ಸುಗಳಲ್ಲಿ ಒಟ್ಟಿಗೆ ಕೇಳಿಸುತ್ತದೆ ಎಂದು ನೆನೆದು ರೇಡಿಯೋದ ಗುಂಡಿ ಒತ್ತುವುದೇ ಇಲ್ಲ. ಅದು ಕರೆದಾಗಲೆಲ್ಲ ಎಲ್ಡನ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಓಡಿ ಬರುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ವಾಸಿಯಿತ್ತು.

ಇಪ್ಪತ್ತೆರಡನೇ ಬಸ್ಸಿನ ವರ್ನಾ ಕುಬಿಯಾಕ್ ಕಿಂಡಿಯ ಮುಂದೆ ನಿಂತಿದ್ದಾಗ ಹಿಂದಿನಿಂದ ಯಾರೋ ಕೆಣಕಿದರು. "ಈ ಸಲ ನಿನ್ ಹುಡುಗನ್ನ ತೆಗೆದಾಕ್ತಾರಂತಲ್ಲ ವರ್ನಾ?"

"ತೆಗೀಲಿ ನೋಡ್ತೀನಿ. ಅವನ ಮೂಗೊರೆಸಿ ಬೆಳೆಸಿದೋಳು ನಾನು."

ಮಗನ ಕೆಲಸ ಹೋಗುವುದರಲ್ಲಿದೆ ಎಂದುಕೊಂಡೆ. ಸಮಾಧಾನಕ್ಕೆ ಒಂದು ಮಾತು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಕೂಡಿಸಿದೆ, ತಿದ್ದಿದೆ. ಅಷ್ಟರಲ್ಲಿ ಅವರು ಹೋಗಿಯಾಗಿತ್ತು.

ಆಗಸ್ಟ್ 7, ಗುರುವಾರ

ಎಲ್ಡನ್ ಕಿಂಡಿಗೆ ಬಾಗಿದರು. "ಕಾಲೇಜು, ಫುಟ್‌ಬಾಲ್ ಗೊತ್ತಾ ನಿಂಗೆ?"

"ಇಲ್ಲ."

"ಒಳ್ಳೇದೇ ಆಯ್ತು. ಗೊತ್ತಿರೋರೆಲ್ಲ ಸೋಲ್ತಾನೇ ಇದೀವಿ."

ವಿಷಯ ಇಷ್ಟು. ಡಿಪೋದ ಹನ್ನೆರಡು ಜನ ಹದಿನೇಳು ವರ್ಷದಿಂದ ಫ್ಯಾಂಟಸಿ ಫುಟ್‌ಬಾಲ್ ಆಡುತ್ತಾರೆ. ಕಾಲಿನಿಂದ ಒದೆಯುವ ಆಟವಲ್ಲ, ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿಕೊಂಡು ಕಾಗದದ ಮೇಲೆ ತಂಡ ಕಟ್ಟುವುದು. ಆ ಆಟಗಾರರು ಪ್ರತಿ ವಾರ ಮೈದಾನದಲ್ಲಿ ಓಡಿದ ಗಜಗಳು ಇಲ್ಲಿ ಅಂಕಗಳಾಗುತ್ತವೆ. ಒಬ್ಬರು ಆರಿಸಿದವನು ಇನ್ನೊಬ್ಬರಿಗೆ ಸಿಗುವುದಿಲ್ಲ. ಆರಿಸುವ ದಿನವೇ ಡ್ರಾಫ್ಟ್, ಈ ತಿಂಗಳ ಮೂವತ್ತಕ್ಕೆ. ಅಂದು ಹನ್ನೆರಡು ಕುರ್ಚಿಯಲ್ಲೂ ಜೀವವಿರುವ ಮನುಷ್ಯರು ಕೂತಿರಬೇಕು. ಫೋನಿನಲ್ಲಿ ಹೇಳುವಂತಿಲ್ಲ. ಕುರ್ಚಿ ಖಾಲಿಯಾದರೆ ತಂಡ ಕೈಬಿಟ್ಟಂತೆ.

ಖಾಲಿ ಇರುವುದು ಹದಿನಾಲ್ಕನೇ ಬಸ್ಸಿನ ರೋಲಿ ಡೋರ್ಶ್ ಅವರ ಕುರ್ಚಿ. ಜೂನ್ ಕೊನೆಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಗಿದೆ, ಮಾತಿಲ್ಲ.

"ಅವನ ಹೆಸರಲ್ಲಿ ಸುಮ್ನೆ ಕೂತ್ಕೋ. ಪತ್ರಿಕೇಲಿ ಪಟ್ಟಿ ಬರುತ್ತೆ, ಮೇಲಿಂದ ಓದ್ಕೊಂಡು ಹೋದ್ರಾಯ್ತು."

"ಯಾರು ಬೇಕು ಅಂತ ಅವರನ್ನೇ ಕೇಳಬಹುದಲ್ಲ?"

ಎಲ್ಡನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಜುಲೈಲಿ ವರ್ನಾ ಹೋಗಿದ್ಳು. ಗೋಡೆ ಕಡೆ ತಿರುಗ್ಕೊಂಡ್ನಂತೆ. ಆಮೇಲೆ ನಾವ್ಯಾರೂ ಹೋಗ್ಲಿಲ್ಲ. ಅವನು ಅಲ್ಲಿಲ್ಲ ಕಾಲೇಜು. ಮೈ ಒಂದಿದೆ ಅಷ್ಟೆ."

ಕಿಂಡಿಯ ಮುಂದೆ ನಿಂತವರಲ್ಲಿ ಗಾಜನ್ನು ಕುಟ್ಟುತ್ತಿದ್ದವರು ರೋಲಿ ಒಬ್ಬರೇ. ಬಸ್ಸಿನ ಕೀಲಿಯಿಂದ ಎರಡು ಸಲ. "ಏನು ಓದ್ತಿದೀಯ ಕಾಲೇಜು?" ಪ್ರತಿ ಸಲವೂ "ಏನಿಲ್ಲ" ಎಂದು ಪುಸ್ತಕವನ್ನು ಹಾಳೆಗಳ ಕೆಳಗೆ ತಳ್ಳುತ್ತಿದ್ದೆ. ಎಂಟು ತಿಂಗಳು ಕೇಳಿದರು, ಎಂಟು ತಿಂಗಳು ಏನಿಲ್ಲ ಎಂದೆ.

ಆಗಸ್ಟ್ 10, ಭಾನುವಾರ

ರೋಲಿಯನ್ನು ನೋಡಲು ಆಸ್ಪತ್ರೆಗೆ ಹೋಗಿ ಬಂದೆ. ಕಾರಿಡಾರಿನಲ್ಲಿ ಅವರ ಮಗಳು, ಜೋಡಿ ಎಂದು ಹೆಸರು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಅರಿಜೋನಾದಿಂದ ಬಂದು ಆರು ವಾರವಾಗಿದೆಯಂತೆ, ರಜೆಯೆಲ್ಲ ಮುಗಿದಿದೆ.

"ಸೇಬಿನ ಚಿತ್ರ, ಕುರ್ಚಿ ಚಿತ್ರ ತೋರಿಸಿ, ಸೇಬು ಯಾವ್ದು ಮುಟ್ಟಿ ಅಂತಾರೆ. ಮುಟ್ಟಲ್ಲ. ನಾಲ್ಕು ಸಲ ಪರೀಕ್ಷೆ ಮಾಡಿದ್ರು," ಎಂದರು. ತಮ್ಮ ಊರಿನ ಹತ್ತಿರ ಒಂದು ಜಾಗ ನೋಡಿದ್ದಾರೆ. ಏನೂ ಅರ್ಥವಾಗದವರಿಗೆಂದೇ ಇರುವುದು, ಸಂಖ್ಯೆ ಒತ್ತಿದರೆ ಮಾತ್ರ ತೆರೆಯುವ ಬಾಗಿಲು. ಸೆಪ್ಟೆಂಬರ್ ಎರಡಕ್ಕೆ ಸಹಿ. "ಅರ್ಥ ಆಗೋ ಹಾಗಿದ್ರೆ ಇಲ್ಲೇ ಅವರ ಮನೇಲೇ ಯಾರನ್ನಾದ್ರೂ ಇಟ್ಟು ನೋಡ್ಕೋಬಹುದಿತ್ತು. ಬೇಕಾದ್ದು ಬೇಡದ್ದು ಹೇಳೋಕೆ ಆಗದೋರನ್ನ ಹೇಗೆ ಬಿಡ್ಲಿ?"

ರೋಲಿ ಗೋಡೆ ನೋಡುತ್ತ ಮಲಗಿದ್ದರು. ಏನು ಮಾಡಬೇಕೆಂದು ತೋಚದೆ ಪತ್ರಿಕೆ ತೆಗೆದು ರನ್ನಿಂಗ್ ಬ್ಯಾಕ್‌ಗಳ ಪಟ್ಟಿ ಓದತೊಡಗಿದೆ. ಚೆಂಡನ್ನು ಎದೆಗವುಚಿಕೊಂಡು ಎದುರಾಳಿಗಳ ಗೋಡೆಗೆ ನುಗ್ಗುವ ಓಟಗಾರರು ಅವರು. ಡ್ರಾಫ್ಟ್‌ನಲ್ಲಿ ಎಲ್ಲರೂ ಮೊದಲು ಬಾಚಿಕೊಳ್ಳುವುದು ಅವರನ್ನೇ. ಒಂದು ಆಷ್ಟನ್ ಕ್ರೀಲ್. ಎರಡು ಜೆವನ್ ಮೇಬ್ರಿ. ಮೂರು ಡಾರಿಯಸ್ ಲೂಮ್.

ಮೂರನೆಯದಕ್ಕೆ ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ಮೂಗಿನಿಂದ ಗಾಳಿ ಬಿಟ್ಟ ಹಾಗೆ. ಕೆಮ್ಮಿರಬಹುದು. ಆದರೆ ಡಿಪೋದಲ್ಲಿ ಯಾರಾದರೂ ಬುರುಡೆ ಬಿಟ್ಟಾಗ ಚಾಲಕರು ಹೊರಡಿಸುವ ಸದ್ದು ಅದೇ.

ಆಗಸ್ಟ್ 13, ಬುಧವಾರ

ಪತ್ರಿಕೆಯಲ್ಲಿದ್ದ ಅರವತ್ತು ಹೆಸರನ್ನೂ ದಪ್ಪ ಕಾಗದದ ಚೀಟಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ. ಕೆಲಸ ಮುಗಿಸಿ ಹೋಗಿ ಊಟದ ತಟ್ಟೆ ಇಡುವ ಮೇಜಿನ ಮೇಲೆ ಮೊದಲ ಹತ್ತನ್ನು ಸಾಲಾಗಿ ಇಟ್ಟೆ. ಕಾಲು ಗಂಟೆ ಏನೂ ಆಗಲಿಲ್ಲ. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಯಾರಾದರೂ ನೋಡುತ್ತಿದ್ದರೆ ನನಗೂ ಏನೂ ಮಾಡಲು ಆಗುವುದಿಲ್ಲ, ಆ ಸಂಕಟ ಗೊತ್ತು.

ತಿರುಗಿ ನೋಡಿದಾಗ ಲೂಮ್ ಒಂಬತ್ತನೆಯವನಾಗಿದ್ದ.

ಆಗಸ್ಟ್ 17, ಭಾನುವಾರ

ಈಗ ದಿನಾ ಹೋಗುತ್ತೇನೆ. ಬಾಡಿಗೆ ಕೋಣೆಯಲ್ಲಿ ಮಕರೋನಿ ಬೇಯಿಸಿಕೊಂಡು ಗೋಡೆಯಾಚೆಯ ಟೀವಿ ಕೇಳುವುದಕ್ಕಿಂತ ಇದು ಮೇಲು.

ನಾನು ತರಬೇತಿ ಶಿಬಿರದ ವರದಿಗಳನ್ನು ಓದುತ್ತೇನೆ, ಅವರು ಎಡಗೈಯಿಂದ ಚೀಟಿ ಸರಿಸುತ್ತಾರೆ. ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದವನು ಕೆಳಗೆ. ಬಾಯಿಬಡುಕ ಕೆಳಗೆ. ದುರ್ಬಲ ತಂಡದಲ್ಲಿದ್ದರೂ ಚೆಂಡು ಬಿಡದವನು ಮೇಲೆ. ಈ ಓಟಗಾರರಿಗೆ ಇಪ್ಪತ್ತೆಂಟಕ್ಕೆ ವಯಸ್ಸಾಗಿಬಿಡುತ್ತದೆ. ವರದಿಗಳಲ್ಲಿ ಅದನ್ನು ಯಾರೂ ನೇರವಾಗಿ ಬರೆಯುವುದಿಲ್ಲ. 'ಅನುಭವಿ' ಎಂಬ ಪದ ಬಂದರೆ ಅವನ ಕಥೆ ಮುಗಿಯುತ್ತ ಬಂದಿದೆ ಎಂದು ಅರ್ಥ. ನಾಲ್ಕು ವರ್ಷ ಸಾಹಿತ್ಯ ಓದಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಟೈ ಹಾಲ್ಕಮ್ ಎಂಬುವನ ವಿಷಯಕ್ಕೆ ನಮಗೆ ಜಗಳವಾಯಿತು. ನಾನು ಅವನನ್ನು ಎಂಟಕ್ಕಿಟ್ಟೆ, ಅವರು ನಾಲ್ಕಕ್ಕೆ ತಂದರು. "ಅವನು ಹೋದ ವರ್ಷ ಆರು ಪಂದ್ಯ ಆಡಲೇ ಇಲ್ಲ," ಎಂದೆ. ಚೀಟಿಯ ಮೇಲೆ ಬೆರಳೂರಿ ನನ್ನನ್ನೇ ನೋಡಿದರು. ಮತ್ತೆ ಓದಿದಾಗ ತಿಳಿಯಿತು, ಆ ಆರು ವಾರ ಅವನು ತಾಯಿಯ ಕಾಯಿಲೆಗೆಂದು ಊರಿಗೆ ಹೋಗಿದ್ದ. ಕಾಲಿಗೇನೂ ಆಗಿರಲಿಲ್ಲ.

ಜೋಡಿಗೆ ಹೇಳಿದೆ. ರೋಲಿಗೆ ಎಲ್ಲವೂ ಅರ್ಥವಾಗುತ್ತದೆ, ನನಗಿಂತ ಹೆಚ್ಚೇ ಎಂದು. ಜೋಡಿ ನನ್ನನ್ನು ಕನಿಕರದಿಂದ ನೋಡಿ, "ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ," ಎಂದರು.

ಆಗಸ್ಟ್ 24, ಭಾನುವಾರ

ರೋಲಿ ಕಟ್ಟಿನಲ್ಲಿ ಏನೋ ಹುಡುಕಿದರು. ಒಂದೊಂದೇ ಚೀಟಿ ತೋರಿಸುತ್ತ ಹೋದೆ. ಐವತ್ತೆಂಟನೆಯದಕ್ಕೆ ಕೈ ಹಾಕಿದರು. ಡೆಲ್‌ರಾಯ್ ಪ್ರುಯಿಟ್, ಮೂವತ್ತೊಂದು ವರ್ಷ, ತಂಡದಲ್ಲಿ ಮೂರನೇ ಓಟಗಾರ. ಅದನ್ನು ಕ್ರೀಲ್‌ನ ಮೇಲೆ, ಎಲ್ಲರಿಗಿಂತ ಮೇಲೆ ಇಟ್ಟರು.

ತಪ್ಪಾಗಿರಬೇಕೆಂದು ಕೆಳಗಿಟ್ಟೆ. ಮೇಲಕ್ಕೆ ತಂದರು. ಇವತ್ತಿಗೆ ಹಾಗೇ ಬಿಟ್ಟೆ.

ಆಗಸ್ಟ್ 26, ಮಂಗಳವಾರ

ತಂಡಗಳು ಹೆಚ್ಚಾದ ಆಟಗಾರರನ್ನು ಕೈಬಿಡುವ ದಿನ. ಪ್ರುಯಿಟ್‌ನನ್ನು ಕೈಬಿಟ್ಟರು. ಈಗ ಅವನಿಗೆ ತಂಡವೇ ಇಲ್ಲ. ಒಂದು ಗಜ ಓಡುವುದಕ್ಕೂ ಜಾಗವಿಲ್ಲ.

ವರ್ನಾ ನಿಲ್ಲಿಸಿದ ಬಸ್ಸಿನಲ್ಲಿ ಒಬ್ಬರೇ ಕೂತಿದ್ದರು. ಅವರ ಹುಡುಗನ ಕೆಲಸ ಹೋಯಿತಂತೆ. ನಾನು ಬಸ್ಸಿನ ಪಕ್ಕದಿಂದ ಹಾದು ಮನೆಗೆ ಹೋದೆ.

ಆಗಸ್ಟ್ 27, ಬುಧವಾರ

ರೋಲಿಗೆ ಸುದ್ದಿ ಓದಿ ಹೇಳಿದೆ. ಕೈಬಿಟ್ಟರು ಎಂಬ ಮಾತನ್ನು ಎರಡು ಸಲ ಓದಿದೆ. ಗೊತ್ತಾಯಿತು ಎಂಬಂತೆ ತಲೆ ಆಡಿಸಿದರು. ಪ್ರುಯಿಟ್‌ನ ಚೀಟಿಯನ್ನು ಕಟ್ಟಿನ ತಳಕ್ಕೆ ಹಾಕಿದೆ. ಎಡಗೈ ಬಂದು, ತಡಕಾಡಿ, ಅದನ್ನೇ ತೆಗೆದು ಮೊದಲಿಗೆ ಇಟ್ಟಿತು.

ಅದೇ ಹೊತ್ತಿಗೆ ಜೋಡಿ ಬಂದರು. ಇವತ್ತು ಅವರಿಗೆ ತೋರಿಸಬೇಕೆಂದು ನಾನೇ ಕರೆದಿದ್ದೆ. ಮೇಲಿನ ಚೀಟಿ ಓದಿ, ಫೋನಿನಲ್ಲಿ ಹೆಸರು ಹುಡುಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಇವನನ್ನ ನಿನ್ನೆ ಕಿತ್ತಾಕಿದಾರೆ."

"ಗೊತ್ತು. ಅವರಿಗೂ ಹೇಳಿದೆ."

"ಹೇಳಿದ ಮೇಲೂ ಇಟ್ರಾ?"

ಹೌದು ಎಂದೆ. ಜೋಡಿ ಬೈಯಲಿಲ್ಲ. ನನ್ನ ತೋಳು ಮುಟ್ಟಿ, "ಇಷ್ಟು ದಿನ ಬಂದ್ಯಲ್ಲ, ಥ್ಯಾಂಕ್ಸ್ ಕಣಮ್ಮ," ಎಂದರು. ರೋಲಿ ಗೋಡೆಗೆ ತಿರುಗಿಕೊಂಡರು.

ಆಗಸ್ಟ್ 28, ಗುರುವಾರ

ಹೋಗಲಿಲ್ಲ.

ಆಗಸ್ಟ್ 29, ಶುಕ್ರವಾರ

ಒಬ್ಬಳೇ ಹೋಟೆಲಿಗೆ ಮೀನಿನ ಊಟಕ್ಕೆ ಹೋದೆ. ನಾಲ್ಕು ಜನರ ಮೇಜು ಕೊಟ್ಟು ಮೂರು ತಟ್ಟೆ ತೆಗೆದುಕೊಂಡು ಹೋದರು. ಮೇಜಿನ ಮೇಲೆ ನನ್ನದೇ ಇನ್ನೊಂದು ಪಟ್ಟಿ ಬರೆದೆ, ಪ್ರುಯಿಟ್ ಇಲ್ಲದ್ದು. ಯಾರು ನೋಡಿದರೂ ಒಪ್ಪುವ ಪಟ್ಟಿ.

ನನಗೆ ನಾನೇ ಹೇಳಿಕೊಂಡ ಕಥೆ ಅದು ಅಂತ ಕಾಣುತ್ತದೆ. ಗೋಡೆ ನೋಡುವ ಮನುಷ್ಯನಿಗೆ ನನ್ನ ಮಾತು ಬೇಕು ಎಂದು.

ಆಗಸ್ಟ್ 30, ಶನಿವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹೊರಗೆ ಗ್ರಿಲ್ಲಿನ ಮೇಲೆ ಬ್ರಾಟ್ ಸಾಸೇಜು ಬೇಯುತ್ತಿತ್ತು. ಚಾಲಕರ ಕೋಣೆಯಲ್ಲಿ ಹನ್ನೆರಡು ಕುರ್ಚಿ, ಗೋಡೆಗೆ ದೊಡ್ಡ ಬಿಳಿ ಹಾಳೆ. ಕಾಫಿ ಡಬ್ಬಿಯೊಳಗಿಂದ ಬಸ್ಸಿನ ಕೀಲಿಬಿಲ್ಲೆ ಎತ್ತಿ ಸರದಿ ತೀರ್ಮಾನಿಸಿದರು. ಹದಿನಾಲ್ಕನೇ ಬಸ್ಸಿಗೆ ನಾಲ್ಕನೇ ಸರದಿ, ವರ್ನಾಗೆ ಐದನೆಯದು. ಕ್ರೀಲ್ ಹೋದ. ಮೇಬ್ರಿ ಹೋದ. ಲೂಮ್ ಹೋದ. ಎಲ್ಡನ್ ಮಾರ್ಕರ್ ಹಿಡಿದು ತಿರುಗಿದರು. "ರೋಲಿ ಪರವಾಗಿ ಕಾಲೇಜು."

ಚೀಲದಲ್ಲಿ ನನ್ನ ಪಟ್ಟಿ ಇತ್ತು. ಅದರ ಪ್ರಕಾರ ಹಾಲ್ಕಮ್. ಕೈಯಲ್ಲಿ ಅವರ ಚೀಟಿಗಳ ಕಟ್ಟಿತ್ತು. ಕುರ್ಚಿಯ ಬೆನ್ನಿಗೆ ಯಾರೋ 14 ಎಂದು ಟೇಪು ಅಂಟಿಸಿದ್ದರು. ಕೂತವಳು ನಾನಾದರೂ ಕುರ್ಚಿ ಅವರದು. ತಪ್ಪಿದರೂ ಅವರ ತಪ್ಪೇ ಇರಲಿ ಎನಿಸಿತು.

"ಡೆಲ್‌ರಾಯ್ ಪ್ರುಯಿಟ್."

"ಕೇಳಿಸ್ಲಿಲ್ಲ."

ಗಟ್ಟಿಯಾಗಿ ಹೇಳಿದೆ.

ಹನ್ನೊಂದು ಜನ ನನ್ನ ಕಡೆ ತಿರುಗಿದರು. ನಗುತ್ತಾರೆ ಎಂದುಕೊಂಡಿದ್ದೆ, ಯಾರೂ ನಗಲಿಲ್ಲ. ಬಾಗಿಲ ಬಳಿ ಇದ್ದ ಒಬ್ಬರು ಮೆಲ್ಲಗೆ, "ಹಂಗೆಲ್ಲ ಮಾಡ್ಬಾರ್ದಮ್ಮ. ಅವನು ವರ್ನಾಂದು," ಎಂದರು.

"ಪಾಪ, ಅದಕ್ಕೇನು ಗೊತ್ತು," ಎಂದರು ಎಲ್ಡನ್. "ವಾಪಸ್ ತಗೋ ಕಾಲೇಜು. ಬೇರೆ ಹೆಸರು ಹೇಳು."

"ಇರ್ರೋ," ಎಂದರು ವರ್ನಾ. ಎದ್ದು ನನ್ನ ಮುಂದೆ ಬಂದು ನಿಂತರು. "ಯಾರು ಹೇಳ್ಕೊಟ್ರು ನಿಂಗೆ ಈ ಹೆಸರು?"

"ರೋಲಿ. ನಾನು ಬೇಡ ಅಂದೆ. ಎರಡು ಸಲ ಕೆಳಗಿಟ್ಟೆ. ಎರಡು ಸಲವೂ ಅವರೇ ಮೇಲಕ್ಕೆ ತಂದರು. ಕೈಬಿಟ್ಟ ಸುದ್ದಿ ಓದಿದ ಮೇಲೂ."

"ರೋಲಿ ತಂದ್ನಾ? ಅವನ ಕೈಯಲ್ಲಿ?"

"ಎಡಗೈಯಲ್ಲಿ."

ವರ್ನಾ ಆ ಚೀಟಿ ತೆಗೆದುಕೊಂಡು ಅದರ ಎರಡೂ ಬದಿ ನೋಡಿದರು. "ಈ ಡೆಲ್‌ರಾಯ್ ಇದಾನಲ್ಲ, ಆರು ವರ್ಷ ನನ್ ಬಸ್ಸಲ್ಲಿ ಬಂದೋನು. ದೊಡ್ಡ ಹುಡುಗರಿಗೆ ಹೆದರ್ಕೊಂಡು ನನ್ನ ಬೆನ್ನಿಗೇ ಇರೋ ಸೀಟಲ್ಲಿ ಕೂರ್ತಿದ್ದ. ಅವನು ದೊಡ್ಡ ಆಟಕ್ಕೆ ಹೋದಾಗಿಂದ ನನ್ನ ಮೊದಲ ಆಯ್ಕೆ ಅವನೇ. ಚೆನ್ನಾಗಾಡ್ಲಿ ಬಿಡ್ಲಿ. ಇವರ್ಯಾರೂ ಅವನನ್ನ ಮುಟ್ಟಲ್ಲ. ಎಲ್ಲೂ ಬರ್ದಿಲ್ಲ, ಆದ್ರೂ ಮುಟ್ಟಲ್ಲ." ಚೀಟಿಯಿಂದ ನನ್ನ ಕುರ್ಚಿಯ ಬೆನ್ನನ್ನು ತಟ್ಟಿದರು. "ರೋಲಿ ಒಬ್ಬ ಪ್ರತಿ ವರ್ಷ ಇದೇ ಕೋಣೇಲಿ ನನ್ ಕಿವಿ ಹತ್ರ ಬಂದು ಹೇಳೋನು. ಒಂದಲ್ಲ ಒಂದ್ ಸಲ ನಿನ್ ಹುಡುಗನ್ನ ಕದೀತೀನಿ ಕಣೇ ವರ್ನಾ, ನಿನ್ ಮುಖ ನೋಡ್ಬೇಕು ಆವತ್ತು ಅಂತ. ಎಂಟು ವರ್ಷದಿಂದ."

ಯಾರೋ ಸದ್ದು ಮಾಡುತ್ತ ಮೂಗೊರೆಸಿಕೊಂಡರು.

"ತಂಡವೇ ಇಲ್ಲದೋನನ್ನ, ಅದೂ ಮೊದಲ ಸುತ್ತಲ್ಲಿ," ಎಂದರು ವರ್ನಾ. "ಭೂಮಿ ಮೇಲೆ ಇಂಥ ಮೊಂಡಾಟ ಮಾಡೋನು ಒಬ್ನೇ. ಅವನು ಅಲ್ಲೇ ಇದಾನೆ ಎಲ್ಡನ್. ಪೂರ್ತಿ ಇದಾನೆ. ಬರಿ ಆ ಹೆಸರನ್ನ."

ಎಲ್ಡನ್ ಬರೆದರು. ಅಕ್ಷರ ಸೊಟ್ಟಗಾಗಿದೆ.

ಆಮೇಲೆ ವರ್ನಾ ಹಾಲ್ಕಮ್‌ನನ್ನು ತೆಗೆದುಕೊಂಡರು. ಚೀಟಿಗಳು ಮುಗಿಯುವವರೆಗೂ ರೋಲಿಯ ಕ್ರಮ ಬಿಡದೆ ಆರಿಸಿದೆ, ಉಳಿದ ಸುತ್ತುಗಳಿಗೆ ಪತ್ರಿಕೆಯ ಪಟ್ಟಿ ಓದಿದೆ. ಎಲ್ಲರೂ ಪಾರ್ಕಿಂಗ್ ಜಾಗದಲ್ಲಿ ನಿಂತು ಜೋರಾಗಿ ರೋಲಿಯ ಕಥೆ ಹೇಳುತ್ತಿದ್ದರು. ನಾನು ಒಂದು ಡಬ್ಬಿ ಆಲೂಗಡ್ಡೆ ಸಲಾಡ್ ಹಿಡಿದುಕೊಂಡು ನಡೆದು ಮನೆಗೆ ಬಂದೆ. ಆ ಕಥೆಗಳಲ್ಲಿ ನಾನಿಲ್ಲ.

ಆಗಸ್ಟ್ 31, ಭಾನುವಾರ

ಬೆಳಿಗ್ಗೆ ಮನೆಯ ಕೆಳಗೆ ಹಾರ್ನ್. ವರ್ನಾ ಕಾರಿನ ಕಿಟಕಿಯಿಂದ, "ಬಾರೇ ಮಾರಿಟ್, ಒಬ್ಳೇ ಹೋಗೋಕೆ ಧೈರ್ಯ ಇಲ್ಲ ನಂಗೆ," ಎಂದರು. ನನ್ನ ಹೆಸರು ಅವರಿಗೆ ಹೇಗೆ ಗೊತ್ತೋ.

ರೋಲಿ ಗೋಡೆ ನೋಡುತ್ತಿದ್ದರು. ವರ್ನಾ ಮಂಚದ ಕಾಲ ಬಳಿ ಸೊಂಟಕ್ಕೆ ಕೈಕೊಟ್ಟು ನಿಂತರು.

"ಕಳ್ಳ."

ಅವರು ತಿರುಗಿದರು.

"ಕೊಡು ನನ್ ಹುಡುಗನ್ನ. ಬದಲಿಗೆ ಹಾಲ್ಕಮ್‌ನ ತಗೋ. ಕೆಲಸ ಇರೋನು. ನಿನ್ನೋನು ಮನೇಲಿ ಸೋಫಾ ಮೇಲೆ ಬಿದ್ಕೊಂಡಿದಾನೆ." ಪ್ರುಯಿಟ್‌ನ ಚೀಟಿಯನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಹಾಲ್ಕಮ್‌ನದನ್ನು ಇಟ್ಟರು. ರೋಲಿ ಎರಡನ್ನೂ ನೋಡಿದರು. ಪ್ರುಯಿಟ್‌ನನ್ನು ಎಳೆದುಕೊಂಡು ತೊಡೆಯ ಕೆಳಗೆ ಸೇರಿಸಿಬಿಟ್ಟರು.

"ಹಾಲ್ಕಮ್ ಜೊತೆಗೆ ಇನ್ನೊಬ್ನನ್ನೂ ಕೊಡ್ತೀನಿ."

ಅವರು ಯೋಚಿಸಿದಂತೆ ಮಾಡಿ ಹಾಲ್ಕಮ್‌ನ ಚೀಟಿಯನ್ನೂ ತೊಡೆಯ ಕೆಳಗೆ ತಳ್ಳಿದರು. ಮುಖದ ಎಡ ಅರ್ಧ ನಕ್ಕಿತು. ದನಿಯೂ ಬಂತು, ತುಕ್ಕು ಹಿಡಿದ ಬಾಗಿಲಿನ ಹಾಗೆ.

ವರ್ನಾ ಕುಸಿದು ಕೂತರು. "ಮತ್ತೆ ಜುಲೈಲಿ ನನ್ನ ನೋಡಿ ಯಾಕೋ ಆ ಕಡೆ ತಿರುಗಿದೆ?"

ರೋಲಿ ಎಡಗೈಯಿಂದ ಜೋತುಬಿದ್ದ ಬಲಗೆನ್ನೆಯನ್ನು ಮುಟ್ಟಿ ತೋರಿಸಿದರು.

"ಅಯ್ಯೋ ಪೆದ್ದ," ಎಂದರು ವರ್ನಾ. "ಮೊದ್ಲೇನು ಚಂದ ಇದ್ಯಾ?"

ಬಾಗಿಲಲ್ಲಿ ಜೋಡಿ ನಿಂತಿದ್ದರು, ಎರಡು ಕೈಯಲ್ಲೂ ಕಾಫಿ ಲೋಟ. ಎಷ್ಟು ಹೊತ್ತಿನಿಂದಲೋ. "ಅಪ್ಪ," ಎಂದರು. "ಆ ಸೇಬಿನ ಚಿತ್ರ ಯಾಕೆ ಮುಟ್ಲಿಲ್ಲ?"

ರೋಲಿ ಮೂಗಿನಿಂದ ಗಾಳಿ ಬಿಟ್ಟರು. ಲೂಮ್‌ನ ಹೆಸರಿಗೆ ಬಿಟ್ಟ ಹಾಗೆಯೇ.

ಸೆಪ್ಟೆಂಬರ್ 2, ಮಂಗಳವಾರ

ಶಾಲೆ ಶುರು. ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಮೂವತ್ತೊಂದನೇ ಬಸ್ಸು ಸೇತುವೆಯ ಕೆಲಸ ನಡೆಯುತ್ತಿರುವ ಕಡೆ ಸಿಕ್ಕಿಕೊಂಡಿತು, ಎಲ್ಡನ್ ಇಲ್ಲಿ ಬೇರೊಂದು ಬಸ್ಸಿನಡಿ ರಿಪೇರಿಯಲ್ಲಿದ್ದರು, ನಾನೇ ರೇಡಿಯೋದಲ್ಲಿ ಬಳಸುದಾರಿ ಹೇಳಿದೆ. ಒಬ್ಬಳು ಒಂದನೇ ತರಗತಿಯ ಹುಡುಗಿ ತಪ್ಪು ಬಸ್ಸು ಹತ್ತಿದ್ದಳು, ಅವಳೂ ಸಿಕ್ಕಿದಳು. ಮಧ್ಯಾಹ್ನದ ಸ್ಯಾಂಡ್‌ವಿಚ್ ಹಾಗೇ ಉಳಿದಿದೆ.

ಜೋಡಿ ಸಹಿ ಹಾಕಲಿಲ್ಲ. ಸೇಬಿಲ್ಲದ ಬೇರೆ ಪರೀಕ್ಷೆ ಆಗಬೇಕು ಎಂದು ಕೇಳಿದ್ದಾರೆ.

ಸಂಜೆ ಹೋದಾಗ ಕೋಣೆಯಲ್ಲಿ ನಾಲ್ಕು ಚಾಲಕರಿದ್ದರು, ಕುರ್ಚಿ ಉಳಿದಿರಲಿಲ್ಲ. ಹಾಲ್ಕಮ್‌ನನ್ನು ಕದ್ದದ್ದು ನ್ಯಾಯವೇ ಎಂದು ವಾದ ನಡೆಯುತ್ತಿತ್ತು. ನನ್ನ ಕೆಲಸ ಮುಗಿಯಿತು ಎನಿಸಿತು. ಬಾಗಿಲ ಬಳಿಯೇ ನಿಂತು ಇನ್ನು ಹೊರಡೋಣ ಎಂದುಕೊಳ್ಳುವಾಗ ಟಕ್ ಟಕ್ ಎಂದು ಸದ್ದಾಯಿತು. ರೋಲಿ ಬೆರಳಗೆಣ್ಣಿನಿಂದ ಮೇಜು ಕುಟ್ಟುತ್ತ, ಪುಸ್ತಕ ಇಣುಕುತ್ತಿದ್ದ ನನ್ನ ಕೈಯ ಚೀಲವನ್ನು ನೋಡುತ್ತಿದ್ದರು.

ಎಲ್ಲರೂ ತಿರುಗಿದರು.

"ಕಾದಂಬರಿ," ಎಂದೆ. "ಮನೆ ಮಾರೋಕೆ ಬಂದ ಇಬ್ಬರು ಅಕ್ಕತಂಗಿಯರದ್ದು. ಅರ್ಧ ಆಗಿದೆ. ಮೊದಲಿಂದ ಓದಲಾ?"

ಮತ್ತೆ ಎರಡು ಸಲ ಕುಟ್ಟಿದರು. ಒಬ್ಬ ಚಾಲಕ ಎದ್ದು ಕುರ್ಚಿ ಬಿಟ್ಟುಕೊಟ್ಟ.